ಹೊಳೆಯಲ್ಲಿ ಹುಣಸೇಹಣ್ಣು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಮನೆ ಕಟ್ಟಿಕೊಂಡು ಕುಳಿತಿರುವ ಜಯನಗರದವರಿಗೆ ಸಮುದ್ರದ ಬಗ್ಗೆ ಏನಾದರೂ ಕರ್ತವ್ಯವಿದೆಯೆ ಎಂದು ಯಾರಾದರೂ ಕೇಳಿದರೆ ಮೊದಲು ನಗು ಬರುತ್ತದೆ. ನಮ್ಮಲ್ಲಿ ಅಲೆಯಿಲ್ಲ, ಮರಳಿಲ್ಲ, ದೋಣಿಯಿಲ್ಲ. ತೆಂಗಿನಮರವೇನೋ ಉಂಟು, ಆದರೆ ಅದು ಪಕ್ಕದ ಮನೆಯವರ ಕಾರಿನ ಮೇಲೆ ಗರಿ ಉದುರಿಸಿ ಮನಸ್ತಾಪಕ್ಕೆ ಕಾರಣವಾಗುವ ತೆಂಗಿನಮರ. ಸಮುದ್ರವೆಂದರೆ ನಮಗೆ ರಜೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ರಾತ್ರಿ ಬಸ್ಸು ಹಿಡಿದು ಮಲ್ಪೆಗೋ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋಗಿ, ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಚೀಲದಲ್ಲಿ ನಾಲ್ಕು ಕಪ್ಪೆಚಿಪ್ಪು ಹಾಕಿಕೊಂಡು ಹಿಂತಿರುಗಿದರೆ ಸಮುದ್ರದೊಂದಿಗೆ ನಮ್ಮ ವ್ಯವಹಾರ ಆ ವರ್ಷಕ್ಕೆ ಮುಗಿಯಿತು.

ಹಿಂತಿರುಗುವವರು ಕಪ್ಪೆಚಿಪ್ಪಿನ ಜೊತೆಗೆ ಒಂದು ದೂರನ್ನೂ ತರುವುದುಂಟು. ನಮ್ಮ ಬೀದಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರಿದ್ದಾರೆ. ನನ್ನ ಬೆಳಗಿನ ನಡಿಗೆಯ ಸಂಗಾತಿ. ಕಳೆದ ಬೇಸಿಗೆಯಲ್ಲಿ ಮಲ್ಪೆಯಿಂದ ಬಂದವರು ಒಂದು ವಾರ ಬೇರೆ ಮಾತೇ ಆಡಲಿಲ್ಲ. ದಂಡೆಯ ತುಂಬ ಬಾಟಲಿ, ಚಿಪ್ಸಿನ ಪೊಟ್ಟಣ, ಹರಿದ ಚಪ್ಪಲಿ. ಅವರೂ ಅವರ ಮೊಮ್ಮಗನೂ ಕೂಡಿ ಅರ್ಧ ಗೋಣಿಚೀಲದಷ್ಟು ಹೆಕ್ಕಿ ತೊಟ್ಟಿಗೆ ಹಾಕಿ ಬಂದರಂತೆ. ಇದು ಸಣ್ಣ ಮಾತಲ್ಲ. ರಜೆಯ ದಿನ ಪರರ ಕಸಕ್ಕೆ ಬೆನ್ನು ಬಗ್ಗಿಸುವವರು ಎಷ್ಟು ಜನ? “ನಮ್ಮ ಜನಕ್ಕೆ ಸಮುದ್ರದ ಬೆಲೆ ಗೊತ್ತಿಲ್ಲ ಸ್ವಾಮಿ” ಎಂದು ಅವರು ನಿಟ್ಟುಸಿರುಬಿಟ್ಟಾಗ ನಾನು ಸುಮ್ಮನಿರಬಹುದಾಗಿತ್ತು. ಆದರೆ ಬೆಳಗಿನ ಕಾಫಿಯ ಚುರುಕು, ಕೇಳಿಯೇಬಿಟ್ಟೆ: “ನಿಮ್ಮ ಮನೆಯ ಬಚ್ಚಲ ನೀರು ಯಾವ ಸಮುದ್ರಕ್ಕೆ ಹೋಗುತ್ತೆ?”

“ಒಳಚರಂಡಿಗೆ ಹೋಗುತ್ತೆ.”

“ಅಲ್ಲಿಂದ?”

“ಅಲ್ಲಿಂದ ಮುಂದೆ ಜಲಮಂಡಳಿಯೋರ ತಲೆನೋವು” ಎಂದು ನಕ್ಕರು.

ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ದಕ್ಷಿಣ ಬೆಂಗಳೂರು ಇರುವುದು ಉದ್ದನೆಯ ಒಂದು ದಿಣ್ಣೆಯ ಮೇಲೆ. ಹೆಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆ ಹೇಗೆ ಎರಡು ಕಡೆಗೆ ಇಳಿಯುವುದೋ ಹಾಗೆ ಇಲ್ಲಿನ ನೀರು ಎರಡು ಪಾಲಾಗುತ್ತದೆ. ಬನಶಂಕರಿಯ ಪಡುವಣ ಬಡಾವಣೆಗಳ, ಕತ್ರಿಗುಪ್ಪೆಯ ನೀರು ವೃಷಭಾವತಿಗೆ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಸ್ಥಳಪುರಾಣ ಹೇಳುವ ಆ ನದಿಯನ್ನು ಈಗ ಮೈಸೂರು ರಸ್ತೆಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ಗುರುತಿಸುತ್ತಾರೆ. ಅದು ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರದ ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯೊಳಗೆ ಬೀಳುತ್ತದೆ. ಕಾವೇರಿ ಹೋಗಿ ಮುಟ್ಟುವುದು ಪೂಂಪುಹಾರಿನ ಕಡಲನ್ನು. ಇನ್ನು ಜಯನಗರದ ಮೂಡಣ ಮಗ್ಗುಲು, ಬಿಟಿಎಂ ಬಡಾವಣೆ, ಮಡಿವಾಳ, ಅಗರ ಇವುಗಳ ನೀರು ಬೆಳ್ಳಂದೂರು ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಈ ನದಿ ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎಂದು ಹೆಸರು ಬದಲಿಸಿಕೊಂಡು, ಹೊಸೂರಿನ ಬಳಿ ಕೆಲವರಪಳ್ಳಿ, ಮುಂದೆ ಕೃಷ್ಣಗಿರಿ, ಆಮೇಲೆ ಸಾತನೂರು ಎಂದು ಮೂರು ಅಣೆಕಟ್ಟುಗಳಲ್ಲಿ ತಂಗಿ, ಕಡಲೂರಿನಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಅಂದರೆ ನಮ್ಮ ಬಚ್ಚಲಿನ ಒಂದು ಹನಿಯೂ ಮಲ್ಪೆಗೆ ಹೋಗುವುದಿಲ್ಲ. ನಾವು ನೋಡಿ ಮೆಚ್ಚುವುದು, ಮರುಗುವುದು, ಗೋಣಿಚೀಲ ಹಿಡಿಯುವುದು ಪಡುವಣ ಕಡಲಿಗಾಗಿ. ಕೊಳೆ ಕಳಿಸುವುದು ಮೂಡಣ ಕಡಲಿಗೆ. ಒಂದು ನಮ್ಮ ರಾಜ್ಯದ್ದು, ಅದರ ದಂಡೆಯ ಅಂಗಡಿಯವರು ಕನ್ನಡದಲ್ಲಿ ಎಳನೀರಿನ ಬೆಲೆ ಹೇಳುತ್ತಾರೆ. ಇನ್ನೊಂದರ ದಂಡೆಯಲ್ಲಿ ಬಲೆ ಒಣಗಿಸುವವರ ಮುಖವನ್ನು ನಮ್ಮ ಬೀದಿಯ ಯಾರೂ ಕಂಡಿಲ್ಲ. ನನಗೆ ತೋರುವಂತೆ ಧರ್ಮಸೂಕ್ಷ್ಮವಿರುವುದು ಇಲ್ಲಿ. ಕಣ್ಣಿಗೆ ಬಿದ್ದ ಕಸಕ್ಕೆ ಮರುಗುವುದು ಅಂತಃಕರಣದ ಸಹಜ ಗುಣ. ನಮ್ಮ ಕೈಯಿಂದ ಹೊರಟು, ಕಣ್ಣಿಗೆಂದೂ ಬೀಳದೆ, ಹೆಸರು ಗೊತ್ತಿಲ್ಲದವರ ಬಾಗಿಲಿಗೆ ಹೋಗಿ ನಿಲ್ಲುವ ಕಸದ ವಿಷಯದಲ್ಲಿ ಅಂತಃಕರಣ ಏನು ಮಾಡಬೇಕು?

ಈ ನೀರಿನ ಪೂರ್ವಾಶ್ರಮವನ್ನೂ ಸ್ವಲ್ಪ ನೆನೆಯಬೇಕು. ಇದರಲ್ಲಿ ದೊಡ್ಡ ಪಾಲು ಕಾವೇರಿಯೇ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಯಂತ್ರಗಳಿಂದ ಮೇಲಕ್ಕೆ ತಳ್ಳಿಸಿಕೊಂಡು ಅದು ನಮ್ಮ ನಲ್ಲಿಗೆ ಬರುತ್ತದೆ. 1974ರಲ್ಲಿ ಮೊದಲನೆಯ ಹಂತ ಬಂದಿತು. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತವೊಂದರ ಗಾತ್ರವೇ ದಿನಕ್ಕೆ 77.5 ಕೋಟಿ ಲೀಟರು. ಕುಡಿದು, ಮಿಂದು, ಒಗೆದು, ತೊಳೆದು ಮುಗಿದ ಮೇಲೆ ನೂರಕ್ಕೆ ಎಂಬತ್ತು ಪಾಲು ಕೊಳೆನೀರಾಗಿ ಹೊರಬೀಳುತ್ತದೆಂದು ಎಂಜಿನಿಯರುಗಳ ಲೆಕ್ಕ. ಒಂದು ನದಿಯಿಂದ ಎತ್ತಿ ಎರಡು ನದಿಗಳಿಗೆ ಇಳಿಸುವ ಈ ಕಾರ್ಯ ಹಗಲೂ ರಾತ್ರಿ ನಡೆದಿದೆ.

ಆ ದಿಣ್ಣೆ ಒಮ್ಮೆ ನ್ಯಾಯಸ್ಥಾನವನ್ನೂ ಏರಿತ್ತು. ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದೊಳಗಿದೆಯೆಂದು ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಕುಡಿಯುವ ನೀರನ್ನು ಅಷ್ಟಕ್ಕೇ ಅಳೆದಿತ್ತು. ನಾವು ಒಪ್ಪಲಿಲ್ಲ. ಬಾಯಾರಿಕೆಗೆ ದಿಣ್ಣೆಯ ಆಚೆ ಈಚೆ ಎಂಬ ಭೇದವುಂಟೆ ಎಂದು ವಾದಿಸಿದೆವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಮಾತನ್ನು ಮನ್ನಿಸಿ ನಗರಕ್ಕೆಂದೇ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ನ್ಯಾಯವಾದ ತೀರ್ಪು, ನನಗೂ ಸಂತೋಷವಾಯಿತು. ಆದರೆ ನೀರು ಬಿಡುವ ಮಾತು ಬಂದಾಗ ಕ್ಷೌರದಂಗಡಿಯಲ್ಲಿ ಕೂಡ ಟಿಎಂಸಿಯ ಲೆಕ್ಕ ಬಾಯಲ್ಲಿ ಹೇಳುವ ನಾವು, ಅದೇ ದಾರಿಯಲ್ಲಿ ಬಿಡುತ್ತಿರುವ ಕೊಳೆಯ ಲೆಕ್ಕವನ್ನು ಯಾವ ಅಂಗಡಿಯಲ್ಲೂ ಆಡುವುದಿಲ್ಲ. ತಮಿಳುನಾಡು 2015ರಲ್ಲಿ ಆ ಕೊಳೆಯ ಮೇಲೂ ಸುಪ್ರೀಂ ಕೋರ್ಟಿಗೆ ಹೋದ ಸುದ್ದಿ ಎಷ್ಟು ಜನಕ್ಕೆ ನೆನಪಿದೆ?

ಇಷ್ಟನ್ನು ಕೇಳಿದ ಮೇಲೆ ನನ್ನ ಮಿತ್ರರು ಎಂಜಿನಿಯರಿಗೆ ತಕ್ಕ ಪ್ರಶ್ನೆಯನ್ನೇ ಕೇಳಿದರು: ಇಲ್ಲಿನ ಕೊಳೆ ಅಷ್ಟು ದೂರ ಮುಟ್ಟುತ್ತದೆಯೆ? ಪೂರ್ತಿ ಮುಟ್ಟುವುದಿಲ್ಲ, ಅದನ್ನು ಮುಚ್ಚಿಡಬಾರದು. ಅಣೆಕಟ್ಟುಗಳಲ್ಲಿ ಭಾರವಾದದ್ದು ತಳಕ್ಕಿಳಿಯುತ್ತದೆ. ಒಂದಿಷ್ಟು ಗದ್ದೆಗೆ ಹೋಗುತ್ತದೆ. 2018ರಿಂದ ಬೆಳ್ಳಂದೂರಿನ ಕಣಿವೆಯ ನೀರಿನಲ್ಲಿ ಒಂದು ಪಾಲನ್ನು ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ಆದರೆ ದಾರಿಯಲ್ಲಿ ಉಳಿದುಕೊಂಡಿತೆಂದರೆ ದಾರಿಯಲ್ಲಿರುವವರ ಪಾಲಿಗೆ ಬಂತೆಂದೇ ಅರ್ಥ. ಕೆಲವರಪಳ್ಳಿಯ ಅಣೆಕಟ್ಟಿನ ಕೆಳಗೆ ಮಳೆಗಾಲದಲ್ಲಿ ಆಳುದ್ದದ ನೊರೆ ಎದ್ದು ಹರಿದ ಚಿತ್ರಗಳು ಎಷ್ಟೋ ಸಲ ಪತ್ರಿಕೆಗಳಲ್ಲಿ ಬಂದಿವೆ. ಉಳಿದುಕೊಂಡದ್ದು ಕೂಡ ಶಾಶ್ವತವಾಗಿ ಉಳಿಯುವುದಿಲ್ಲ. 2024ರ ಡಿಸೆಂಬರಿನ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಸಾತನೂರು ತುಂಬಿ, ಬಾಗಿಲು ತೆರೆದು, ತೆನ್‌ಪೆಣ್ಣೈ ಕಡಲೂರಿನ ಬೀದಿಗಳಿಗೆ ನುಗ್ಗಿತು. ಅಂಥ ಪ್ರವಾಹ ತಳದ ಕೆಸರನ್ನೂ ದಡದ ಚೀಲಗಳನ್ನೂ ಬಾಚಿಕೊಂಡೇ ಹೋಗುತ್ತದೆ. ಕಡಲಿಗೆ ಬಿದ್ದ ಚೀಲ ಕರಗುವುದಿಲ್ಲ. ಬಿಸಿಲಿಗೆ ಚೂರಾಗಿ, ಚೂರು ಪುಡಿಯಾಗಿ, ಮೀನಿನ ಹೊಟ್ಟೆಗೆ ಹೋಗುವಷ್ಟು ಸಣ್ಣದಾಗುತ್ತದೆ. ಚೂರಾಗುವ ಮೊದಲೇ ಕಡಲಾಮೆ ಅದನ್ನು ಲೋಳೆಮೀನೆಂದು ನುಂಗುವುದೂ ಉಂಟು.

“ಇರಬಹುದು” ಎಂದರು ಮಿತ್ರರು. “ಆದ್ರೆ ನನ್ನೊಬ್ಬನ ಮನೆ ನೀರಿಂದ ಸಮುದ್ರ ಕೆಡುತ್ತೇನ್ರಿ? ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ!”

ಗಾದೆ ಬಂದರೆ ವಾದ ಮುಗಿಯಿತೆಂದು ನಮ್ಮಲ್ಲಿ ಒಂದು ನಂಬಿಕೆ. ನಾನು ಆ ದಿನ ಉತ್ತರ ಹೇಳಲಿಲ್ಲ. ಆದರೆ ಗಾದೆ ಮನಸ್ಸಿನಲ್ಲಿ ನಿಂತಿತು. ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದರೆ ಹೊಳೆ ಹುಳಿಯಾಗುವುದಿಲ್ಲ, ನಿಜ. ಆದರೆ ಗಾದೆ ಕಟ್ಟಿದ ಪುಣ್ಯಾತ್ಮರು ಎರಡು ಸಂಗತಿಗಳನ್ನು ಹೇಳದೆಯೇ ಒಪ್ಪಿಕೊಂಡಿದ್ದರು. ಹೊಳೆಯ ದಡದಲ್ಲಿ ಕುಳಿತವನು ಒಬ್ಬ. ಅವನ ಕೈಯಲ್ಲಿರುವುದು ಹುಣಸೇಹಣ್ಣು. ಈಗ ಕಿವುಚುವವರು ಕೋಟಿ ಜನಕ್ಕೂ ಮೇಲೆ. ಕೈಯಲ್ಲಿರುವುದೂ ಹುಣಸೇಹಣ್ಣಲ್ಲ. ನಮ್ಮ ಅಜ್ಜಿಯಂದಿರು ಹಿತ್ತಾಳೆಯ ಕೊಡವನ್ನು ಹುಣಸೇಹುಳಿಯಿಂದ, ಪಾತ್ರೆಯನ್ನು ಬೂದಿಯಿಂದ, ತಲೆಯನ್ನು ಸೀಗೇಕಾಯಿಯಿಂದ, ರೇಷ್ಮೆಯನ್ನು ಅಂಟುವಾಳದಿಂದ ತೊಳೆದರು. ಅದೆಲ್ಲ ಹೊಳೆಗೆ ಬಿದ್ದರೂ ಹೊಳೆಯ ಹುಳುಹುಪ್ಪಟೆಗಳು ತಿಂದು ಅರಗಿಸಿಕೊಳ್ಳುತ್ತಿದ್ದವು. ಹರಿಯುವ ನೀರಿಗೆ ದೋಷವಿಲ್ಲವೆಂಬ ಹಿರಿಯರ ಮಾತು ಮೂಢನಂಬಿಕೆಯೇನಲ್ಲ. ಗಾಳಿಯನ್ನು ಬೆರೆಸಿಕೊಂಡು ಹರಿಯುವ ನೀರಿಗೆ ಒಂದು ಅಳತೆಯವರೆಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿಯುಂಟು. ಮಾರ್ಜಕದ ಪುಡಿಯ ರಂಜಕ, ಕಾರ್ಖಾನೆಯ ಸೀಸ, ಪ್ಲಾಸ್ಟಿಕ್ಕಿನ ಪೊಟ್ಟಣ ಇವು ಆ ಅಳತೆಯ ಹೊರಗಿನವು. ರಂಜಕ ಕೆರೆಯಲ್ಲಿ ಅಂತರಗಂಗೆಗೆ ಗೊಬ್ಬರವಾಗುತ್ತದೆ. ಇಂಥ ಗೊಬ್ಬರ ಕಡಲಂಚಿಗೆ ಮುಟ್ಟಿದರೆ ಅಲ್ಲಿ ಪಾಚಿ ಬೆಳೆದು, ಕೊಳೆತು, ಮೀನಿನ ಉಸಿರನ್ನು ಕಸಿಯುತ್ತದೆ.

ನೊರೆಯ ಮೇಲೆ ನಮಗಿರುವ ಮೋಹವಂತೂ ವಿಚಿತ್ರ. ನೊರೆ ಹೆಚ್ಚಾದಷ್ಟೂ ಬಟ್ಟೆ ಶುಭ್ರವೆಂದು ನಂಬಿದ್ದೇವೆ. ಕೊಳೆ ತೆಗೆಯುವುದು ನೊರೆಯಲ್ಲವೆಂದು ರಸಾಯನಶಾಸ್ತ್ರ ಎಷ್ಟು ಹೇಳಿದರೂ ಬಕೆಟ್ಟಿನಲ್ಲಿ ಬುರುಗು ಏಳದಿದ್ದರೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಇನ್ನೊಂದು ಚಮಚ ಪುಡಿ ಬೀಳುತ್ತದೆ. 2015ರಲ್ಲಿ ವರ್ತೂರಿನ ಕೋಡಿಯಿಂದ ನೊರೆ ಎದ್ದು ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಅಂಟಿದಾಗ ನಾವೆಲ್ಲ ಬೆಚ್ಚಿದೆವು. ಅದೇ ವರ್ಷ, ಮತ್ತೆ 2017ರಲ್ಲಿ, ಮತ್ತೆ 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ನೀರು ತರುವುದು ಲೋಕರೂಢಿ. ಕೆರೆಯೇ ಹತ್ತಿಕೊಂಡರೆ ಏನು ತರಬೇಕು? ಆ ನೊರೆಯಲ್ಲಿ ನಮ್ಮ ಬಕೆಟ್ಟಿನ ಬುರುಗು ಎಷ್ಟಿತ್ತೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಸೊನ್ನೆಯೆನ್ನುವಂತಿಲ್ಲ. ಪ್ರತಿಯೊಂದು ಮನೆಯ ಪಾಲೂ ಸೊನ್ನೆಯಾಗಿದ್ದರೆ ಕೆರೆಯ ಪಾಲೂ ಸೊನ್ನೆಯಾಗಬೇಕಿತ್ತಲ್ಲ.

ಸ್ವಾರಸ್ಯವೆಂದರೆ, ಅತ್ಯಲ್ಪವಾದ ಪಾಲಿಗೂ ಬೆಲೆಯುಂಟೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ ಕಥೆಯೂ ಸಮುದ್ರದ ದಂಡೆಯದ್ದೇ. ಸೇತುವೆ ಕಟ್ಟುವಾಗ ಅಳಿಲು ಮರಳಿನಲ್ಲಿ ಹೊರಳಿ ಮೈಗೆ ಹತ್ತಿದ ಕಾಳನ್ನು ಕಡಲಿಗೆ ಕೊಡವಿತು. ರಾಮ ಅದರ ಬೆನ್ನು ಸವರಿದ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ನೂರು ರೂಪಾಯಿ ಕೊಟ್ಟಾಗ “ಏನೋ, ಅಳಿಲು ಸೇವೆ” ಎಂದು ವಿನಯದಿಂದ ಹೇಳುತ್ತೇವೆ. ಒಳಗೊಳಗೇ ಅದು ಚಿತ್ರಗುಪ್ತನ ಪುಸ್ತಕದಲ್ಲಿ ದಾಖಲಾಯಿತೆಂದು ನೆಮ್ಮದಿ. ಪುಣ್ಯಕ್ಕಾದರೆ ಅಳಿಲಿನ ಲೆಕ್ಕ, ಪಾಪಕ್ಕಾದರೆ ಹುಣಸೇಹಣ್ಣಿನ ಲೆಕ್ಕ! ಎರಡು ತಕ್ಕಡಿ ಇಟ್ಟುಕೊಂಡ ಅಂಗಡಿಯವನನ್ನು ನಾವು ಏನೆಂದು ಕರೆಯುತ್ತೇವೆ?

ಭಕ್ತಿಯೂ ಇದರಲ್ಲಿ ಸೇರಿಕೊಂಡಿದೆಯೆಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಯಡಿಯೂರು ಕೆರೆಯ ಹತ್ತಿರ ಒಂದು ಶುಕ್ರವಾರ ಒಬ್ಬ ಮಹನೀಯರನ್ನು ಕಂಡೆ. ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ವಾರದ ನಿರ್ಮಾಲ್ಯ. ಬಾಯನ್ನು ಭದ್ರವಾಗಿ ಗಂಟು ಹಾಕಿ, ಚಪ್ಪಲಿ ಬಿಟ್ಟು, ಕಣ್ಣಿಗೊತ್ತಿಕೊಂಡು ಬೇಲಿಯ ಮೇಲಿನಿಂದ ನೀರಿಗೆ ಎಸೆದರು. ಅವರನ್ನು ಅಸಭ್ಯರೆನ್ನಲು ನನಗೆ ಬಾಯಿ ಬರಲಿಲ್ಲ. ದೇವರ ತಲೆಯ ಮೇಲಿದ್ದ ಹೂವು ಯಾರ ಕಾಲಿಗೂ ಸಿಗಬಾರದೆಂಬ ಸೂಕ್ಷ್ಮ ಅವರಿಗಿತ್ತು. ಅದು ಇಲ್ಲದವರು ಹೂವನ್ನೂ ಚೀಲವನ್ನೂ ಬೀದಿಯ ಮೂಲೆಗೇ ಹಾಕುತ್ತಿದ್ದರು. ನಿರ್ಮಾಲ್ಯವನ್ನು ನೀರಿಗೆ ಬಿಡಬೇಕೆಂದ ಹಿರಿಯರು ಹೂವು ಕೊಳೆತು ನೀರಾಗುವುದನ್ನು ಬಲ್ಲವರು. ಚೀಲವನ್ನು ಅವರು ಕಂಡಿರಲಿಲ್ಲ. ಮಡಿಯ ವಿಷಯವೂ ಹೀಗೇ. ಎಂಜಲು ಕೈಯಿಂದ ಇನ್ನೊಬ್ಬರಿಗೆ ಒಂದು ಸೌಟು ಸಾರು ಬಡಿಸಲು ಹೇಸುವ ಜನ ನಾವು. ನಾವು ಬಾಯಿ ಮುಕ್ಕಳಿಸಿದ ನೀರನ್ನೇ ಕೆಳಗಿನ ಊರಿನವರ ಗದ್ದೆಗೆ, ಬಾವಿಗೆ, ಬಲೆಗೆ ಕಳಿಸುವಾಗ ಎಂಜಲೆಂಬ ಮಾತು ನೆನಪಿಗೆ ಬರುವುದಿಲ್ಲ. ನಮ್ಮ ಮಡಿಗೆ ಗೇಟಿನವರೆಗೆ ಮಾತ್ರ ಕಣ್ಣು ಕಾಣುತ್ತದೆ. ಗೇಟಿನೊಳಗೆ ರಂಗೋಲಿ, ಆಚೆ ಯಾರದ್ದೋ.

“ಕೊನೆಗೆ ಎಲ್ಲ ನಮಗೇ ತಿರುಗಿ ಬರುತ್ತದೆ” ಎಂದು ಹೆದರಿಸುವವರಿದ್ದಾರೆ. ಸುಳ್ಳಲ್ಲ. ವೃಷಭಾವತಿಯ ನೀರಿನಲ್ಲಿ ಬೆಳೆದ ಹುಲ್ಲು ಮೇಯ್ದ ಹಸುವಿನ ಹಾಲು, ಅದೇ ನೀರಿನ ಸೊಪ್ಪು ನಗರದ ಕಡೆಗೇ ಬರುತ್ತವೆ. ಆದರೂ ಈ ವಾದ ನನಗೆ ಅಷ್ಟು ಹಿಡಿಸುವುದಿಲ್ಲ. ತಿರುಗಿ ಬಾರದಿದ್ದರೆ? ಕಡಲೂರಿನ ಬಲೆಗೆ ಸಿಕ್ಕಿದ ಚೀಲ ಜಯನಗರದ ನಾಲ್ಕನೆಯ ಬ್ಲಾಕಿಗೆ ಎಂದೂ ಬರುವುದಿಲ್ಲ. ಬಾರದೆಂಬ ಕಾರಣಕ್ಕೆ ಅದು ಸರಿಯಾಗಿಬಿಡುತ್ತದೆಯೆ? ಲಾಭದ ಭಯದಿಂದ ಹುಟ್ಟಿದ ಸದಾಚಾರ, ಭಯ ಹೋದ ದಿನ ತಾನೂ ಹೋಗುತ್ತದೆ.

ಮಿತ್ರರ ಎರಡನೆಯ ಆಕ್ಷೇಪಣೆ ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಶುಲ್ಕ ಕೊಡುತ್ತೇವೆ, ಕೊಳವೆ ಹಾಕುವುದು, ಶುದ್ಧೀಕರಣ ಘಟಕ ನಡೆಸುವುದು ಸರಕಾರದ ಕೆಲಸ. 1974ರಿಂದ ಜಲಮಾಲಿನ್ಯದ ಕಾಯಿದೆಯೇ ಇದೆ. ಗೃಹಸ್ಥನೊಬ್ಬ ಸೋಪಿನ ಪುಡಿಯಲ್ಲಿ ಅರ್ಧ ಚಮಚ ಉಳಿಸಿದರೆ ಬೆಳ್ಳಂದೂರು ಉದ್ಧಾರವಾದೀತೆ? ಆಗುವುದಿಲ್ಲ. ಒಪ್ಪಿದೆ. ಕೊಳೆನೀರು ರಾಜಕಾಲುವೆಗೆ ಬೀಳದಂತೆ ತಡೆಯುವುದು ಕೊಳವೆಯೇ ಹೊರತು ನನ್ನ ವೈರಾಗ್ಯವಲ್ಲ. ಆದರೆ ಕೊಳವೆ ಹಾಕಿರೆಂದು ಕೇಳುವವರು ಯಾರು? ಕಡಲೂರಿನ ಮೀನುಗಾರನಿಗೆ ನಮ್ಮ ವಾರ್ಡಿನಲ್ಲಿ ಓಟಿಲ್ಲ. ಕೆಲವರಪಳ್ಳಿಯ ರೈತ ನಮ್ಮ ಶಾಸಕರ ಮನೆಯ ಮುಂದೆ ಬಂದು ನಿಲ್ಲುವಂತಿಲ್ಲ. ನಿಂತರೆ ಭಾಷೆಯ ಜಗಳವಾದೀತು. ಬೈರಮಂಗಲದವರು ನಮ್ಮವರೇ, ಕನ್ನಡದವರೇ. ಅವರ ಕೂಗೂ ಇಲ್ಲಿಯವರೆಗೆ ಕೇಳಿಸುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಇದೊಂದು ದೊಡ್ಡ ಕುಂದು: ತೊಂದರೆ ಮಾಡುವವರ ಊರಿನಲ್ಲಿ ತೊಂದರೆ ಪಡುವವರಿಗೆ ಮತವಿಲ್ಲ. ಹಾಗಿರುವಾಗ ಅವರ ಪರವಾಗಿ ಇಲ್ಲಿ ಬಾಯಿ ಬಿಡಬಲ್ಲವರು, ದಿಣ್ಣೆಯ ಮೇಲೆ ಕುಳಿತ ನಾವು ಮಾತ್ರ. ನಮ್ಮ ಓಟಿನಲ್ಲಿ ಅವರದೂ ಒಂದು ಪಾಲು ಅಡವಿಟ್ಟ ಹಾಗಿದೆ.

ಈ ಮಾತನ್ನು ನಾನು ನಮ್ಮ ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಆಡಿನೋಡಿದೆ. ಬೀದಿಯ ಕೊನೆಯಲ್ಲಿ ಒಂದು ಕಾಲುವೆಯಿದೆ. ಮಳೆನೀರಿಗೆಂದು ಕಟ್ಟಿದ್ದು, ಬೇಸಿಗೆಯಲ್ಲೂ ಕಪ್ಪಗೆ ಹರಿಯುತ್ತದೆ. ಪಾಲಿಕೆಗೆ ಕೊಡುವ ಅರ್ಜಿಯ ಕರಡು ಸಿದ್ಧವಾಗಿತ್ತು: ಬೀದಿದೀಪ, ನಾಯಿಗಳ ಕಾಟ, ಮೂರನೆಯದಾಗಿ ಕಾಲುವೆಯ ಮೇಲೆ ಚಪ್ಪಡಿ ಹಾಸಿ ವಾಸನೆ ತಡೆಯಬೇಕು. ಚಪ್ಪಡಿ ಹಾಸಿದರೆ ನಮ್ಮ ಮೂಗಿಗೆ ಸುಖ, ಆದರೆ ನೀರು ಹಾಗೇ ಹೋಗುತ್ತದಲ್ಲ, ಕೊಳೆನೀರು ಅದಕ್ಕೆ ಬೀಳುವುದನ್ನೇ ನಿಲ್ಲಿಸಿ ಎಂದು ಬರೆಯೋಣ, ಅದು ಎಲ್ಲಿಯವರೆಗೆ ಹೋಗುತ್ತದೆಂದೂ ಬರೆಯೋಣ ಎಂದೆ. “ಕಡಲೂರು ಅಂತೆಲ್ಲ ಬರೆದ್ರೆ ಆಫೀಸಿನಲ್ಲಿ ನಗ್ತಾರೆ ಸಾರ್” ಎಂದರು ಕಾರ್ಯದರ್ಶಿಗಳು.

ಅನಿರೀಕ್ಷಿತವಾಗಿ ಎದ್ದು ನಿಂತವರು ನನ್ನ ಎಂಜಿನಿಯರ್ ಮಿತ್ರರು. ನಾವು ಮಾತನಾಡಿದ ಮೇಲೆ ಅವರು ಸುಮ್ಮನೆ ಕುಳಿತಿರಲಿಲ್ಲ. ಒಂದು ಬಕೆಟ್ಟು ನೀರಿಗೆ ಅಡುಗೆಯ ಬಣ್ಣ ಕಲಸಿ, ಒಪ್ಪಿದವರ ಮನೆಯ ಬಟ್ಟೆ ಒಗೆಯುವ ಜಾಗದಲ್ಲಿ ಸುರಿದು, ಅದು ಎಲ್ಲಿ ಹೊರಬರುತ್ತದೆಂದು ಕಾಲುವೆಯ ಬಳಿ ನಿಂತು ನೋಡಿದ್ದರು. ಹದಿನೆಂಟು ಮನೆಗಳಲ್ಲಿ ಏಳರ ಒಗೆತದ ನೀರು ಒಳಚರಂಡಿಯ ಬದಲು ನೇರವಾಗಿ ಮಳೆಕಾಲುವೆಗೆ. ಕಟ್ಟುವಾಗ ಮೇಸ್ತ್ರಿ ಹತ್ತಿರವಾದ ಕಡೆಗೆ ಕೊಳವೆ ತಿರುಗಿಸಿದ್ದ; ಯಾರೂ ಕೇಳಿರಲಿಲ್ಲ. ಏಳರಲ್ಲಿ ಒಂದು ತಮ್ಮದೇ ಮನೆ ಎಂದು ಅವರು ಎಲ್ಲರೆದುರಿಗೂ ಹೇಳಿದರು. ಪಟ್ಟಿಯನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟು ಕುಳಿತರು.

ಸೋಮವಾರ ಅವರ ಮನೆಗೆ ಕೊಳಾಯಿ ಕೆಲಸದವನು ಬಂದ. ಎರಡು ದಿನ ನೆಲ ಅಗೆದ ಸದ್ದು ಕೇಳಿಸಿತು. ಇನ್ನಿಬ್ಬರು ಹಬ್ಬ ಮುಗಿಯಲಿ ಎಂದಿದ್ದಾರೆ. ಒಬ್ಬರು ಗಾದೆ ಹೇಳಿದರು. ಅರ್ಜಿಯಲ್ಲಿ ಚಪ್ಪಡಿಯ ಬೇಡಿಕೆ ಹಾಗೇ ಉಳಿದಿದೆ. ಅದರ ಕೆಳಗೆ, ಕಾಲುವೆಗೆ ಬೀಳುವ ಕೊಳೆನೀರನ್ನು ಒಳಚರಂಡಿಗೆ ಜೋಡಿಸಬೇಕೆಂದೂ, ಈ ಕಾಲುವೆಯ ನೀರನ್ನು ಮುಂದೆ ಬಳಸುವ ಊರುಗಳಿವೆಯೆಂದೂ ಎರಡು ಸಾಲು ಸೇರಿವೆ. ಕಡಲೂರಿನ ಹೆಸರನ್ನು ಮಾತ್ರ ಕಾರ್ಯದರ್ಶಿಗಳು ಹಾಕಗೊಡಲಿಲ್ಲ.